ಮೆಚ್ಚಿದವರು ಕಣದಲ್ಲಿಲ್ಲದಾಗ: ಏಳು ಆಕ್ಷೇಪಗಳಿಗೆ ಪ್ರತ್ಯುತ್ತರ

2019ರ ಮಾರ್ಚ್ ಕೊನೆಯ ವಾರದವರೆಗೂ ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಆ ಸಂಗತಿ ಇತ್ಯರ್ಥವಾದಂತೆಯೇ ಇತ್ತು. ಬೆಂಗಳೂರು ದಕ್ಷಿಣಕ್ಕೆ ಬಿಜೆಪಿಯಿಂದ ತೇಜಸ್ವಿನಿ ಅನಂತಕುಮಾರ್ ನಿಲ್ಲುತ್ತಾರೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 1996ರಿಂದ ಸತತ ಆರು ಸಲ ಇಲ್ಲಿಂದ ಗೆದ್ದಿದ್ದ ಅನಂತಕುಮಾರ್ 2018ರ ನವೆಂಬರ್ 12ರಂದು ತೀರಿಕೊಂಡಿದ್ದರು. ಅದಮ್ಯ ಚೇತನ ಸಂಸ್ಥೆಯ ಕೆಲಸದಿಂದ ಅವರ ಪತ್ನಿ ತೇಜಸ್ವಿನಿಯವರು ಕ್ಷೇತ್ರಕ್ಕೆ ಚೆನ್ನಾಗಿ ಪರಿಚಿತರು. ಪಕ್ಷದ ರಾಜ್ಯ ಘಟಕವೂ ಅವರ ಹೆಸರನ್ನೇ ಕಳಿಸಿತ್ತು. ನಾಮಪತ್ರ ಸಲ್ಲಿಸಲು ಮಾರ್ಚ್ 26 ಕೊನೆಯ ದಿನ. ಹಿಂದಿನ ರಾತ್ರಿ ದೆಹಲಿಯಿಂದ ಬಂದ ಪಟ್ಟಿಯಲ್ಲಿ ಇದ್ದದ್ದು 28 ವರ್ಷದ ವಕೀಲ ತೇಜಸ್ವಿ ಸೂರ್ಯ ಅವರ ಹೆಸರು. ಎದುರಿಗೆ ಕಾಂಗ್ರೆಸ್‌ನ ಬಿ.ಕೆ. ಹರಿಪ್ರಸಾದ್. ತೇಜಸ್ವಿನಿಯವರಿಗೇ ಮತ ಎಂದುಕೊಂಡಿದ್ದವರು ಉಳಿದವರಲ್ಲಿ ಒಬ್ಬರನ್ನು ಆರಿಸಬೇಕಾಯಿತು.

2024ರಲ್ಲಿ ಮಲ್ಲೇಶ್ವರದವರ ಸರದಿ ಬಂತು. ಬೆಂಗಳೂರು ಉತ್ತರದಿಂದ ಎರಡು ಸಲ ಗೆದ್ದಿದ್ದ ಡಿ.ವಿ. ಸದಾನಂದಗೌಡರಿಗೆ ಟಿಕೆಟ್ ತಪ್ಪಿತು. ಶೋಭಾ ಕರಂದ್ಲಾಜೆ ಮತ್ತು ಎಂ.ವಿ. ರಾಜೀವ್ ಗೌಡ ಕಣದಲ್ಲಿ ಉಳಿದರು. ಚಾಮರಾಜಪೇಟೆಯವರು ಇದನ್ನು ಇನ್ನೂ ಮೊದಲೇ ಕಂಡಿದ್ದರು. 2004ರಲ್ಲಿ ಅವರು ಆರಿಸಿ ಕಳಿಸಿದ ಎಸ್.ಎಂ. ಕೃಷ್ಣ ಅದೇ ವರ್ಷದ ಕೊನೆಗೆ ಮಹಾರಾಷ್ಟ್ರದ ರಾಜ್ಯಪಾಲರಾಗಿ ಹೊರಟುಹೋದರು; 2005ರ ಉಪಚುನಾವಣೆಯಲ್ಲಿ ಬೇರೆಯವರ ನಡುವೆ ಆಯ್ಕೆ ಮಾಡಬೇಕಾಯಿತು.

ಇಂಥ ಹೊತ್ತಿನಲ್ಲಿ ನಾನು ಹೇಳುತ್ತ ಬಂದಿರುವುದು ಇಷ್ಟೇ: ಮೆಚ್ಚಿದವರು ಹೊರಬಿದ್ದರೂ ಆರಿಸುವ ಹೊಣೆ ನಮ್ಮ ಮೇಲೆಯೇ ಉಳಿದಿದೆ. ಉಳಿದವರನ್ನು ಹೊಸದಾಗಿ ತೂಗಿ ನೋಡಿ ಒಬ್ಬರಿಗೆ ಮತ ಹಾಕಲೇಬೇಕು. ಯಾರಿಗೆ ಎಂದು ನಾನು ಹೇಳುವುದಿಲ್ಲ. ಈ ಬರಹ ಯಾವ ಪಕ್ಷದ ಪರವಾಗಿಯೂ ಇಲ್ಲ. ಆದರೆ ಹೀಗೆ ಹೇಳಿದಾಗಲೆಲ್ಲ ಕೃಷ್ಣರಾವ್ ಪಾರ್ಕಿನ ಬೆಂಚುಗಳಿಂದ ಸ್ಯಾಂಕಿ ಕೆರೆಯ ಏರಿಯವರೆಗೆ ಅವೇ ಆಕ್ಷೇಪಗಳು ಎದುರಾಗುತ್ತವೆ. ಆಡುವವರು ತಿಳಿದವರು, ಊರಿನ ಬಗ್ಗೆ ಕಳಕಳಿ ಇರುವವರು. ಆದ್ದರಿಂದ ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ.

ಒಂದು: “ನಮ್ಮೋರೇ ನಿಂತಿಲ್ಲ. ಇನ್ನು ಕ್ಯೂನಲ್ಲಿ ನಿಂತು ಏನಾಗಬೇಕು?”

ಹೀಗೆ ಹೇಳುವವರು ತಮ್ಮ ಗೈರುಹಾಜರಿ ಒಂದು ಪ್ರತಿಭಟನೆ ಎಂದು ನಂಬಿದ್ದಾರೆ. ಅದನ್ನು ಪ್ರತಿಭಟನೆ ಎಂದು ಓದುವವರು ಯಾರು? 2019ರ ಮತದಾನದ ದಿನ ಏಪ್ರಿಲ್ 18, ಗುರುವಾರ; ಹಿಂದಿನ ದಿನ ಮಹಾವೀರ ಜಯಂತಿ, ಮರುದಿನ ಗುಡ್ ಫ್ರೈಡೆ, ಆಮೇಲೆ ಶನಿವಾರ, ಭಾನುವಾರ. 2024ರದು ಏಪ್ರಿಲ್ 26, ಶುಕ್ರವಾರ. ಬೆಂಗಳೂರು ದಕ್ಷಿಣದಲ್ಲಿ ಎರಡೂ ಸಲ ಮತ ಹಾಕಿದವರು ನೂರಕ್ಕೆ ಐವತ್ಮೂರು, ಐವತ್ನಾಲ್ಕರ ಆಸುಪಾಸು. ಬಾರದೆ ಉಳಿದ ಆ ಅರ್ಧದಷ್ಟು ಜನರಲ್ಲಿ ಕೂರ್ಗಿಗೆ ಹೋದವರು ಎಷ್ಟು, ಪಟ್ಟಿಯಲ್ಲಿ ಹೆಸರಿದ್ದೂ ಊರು ಬಿಟ್ಟವರು ಎಷ್ಟು, ನೊಂದು ಮನೆಯಲ್ಲಿ ಕೂತವರು ಎಷ್ಟು? ಯಾವ ಪಕ್ಷದ ಕಚೇರಿಯೂ ಇದನ್ನು ಬಿಡಿಸಿ ನೋಡುವುದಿಲ್ಲ, ನೋಡಲು ದಾರಿಯೂ ಇಲ್ಲ. ಮನೆಯಲ್ಲಿ ಕೂತವರ ನೋವು ರಜೆ ಕಳೆಯಲು ಹೋದವರ ಲೆಕ್ಕದಲ್ಲಿ ಸೇರಿಹೋಗುತ್ತದೆ.

ಒಂದೊಂದು ಮತದ ಬೆಲೆ ತಿಳಿಯಲು ದೂರ ಹೋಗಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಪಕ್ಕದ ಜಯನಗರ ಕ್ಷೇತ್ರದಲ್ಲಿ ಮರುಎಣಿಕೆಯಾಗಿ, ತಡರಾತ್ರಿ ಫಲಿತಾಂಶ ಬಂದಾಗ ಸಿ.ಕೆ. ರಾಮಮೂರ್ತಿ ಸೌಮ್ಯಾ ರೆಡ್ಡಿಯವರಿಗಿಂತ ಮುಂದಿದ್ದದ್ದು 16 ಮತಗಳಿಂದ. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಮನಸ್ಸು ಮಾಡಿದ್ದರೆ ಸಾಕಿತ್ತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ.

“ಅವೆಲ್ಲ ಅಪರೂಪದ ಸಂಗತಿ, ನಮ್ಮ ಕಡೆ ಗೆಲ್ಲೋರು ಯಾರು ಅಂತ ಮೊದಲೇ ಗೊತ್ತು” ಎಂಬುದು ಇದಕ್ಕೆ ಬರುವ ಮರುಮಾತು. ನಿಜ, 2019ರಲ್ಲಿ ಬೆಂಗಳೂರು ದಕ್ಷಿಣದ ಗೆಲುವಿನ ಅಂತರ 3,31,192. ಇಂಥ ಕಡೆ ಒಬ್ಬರ ಮತದಿಂದ ಫಲಿತಾಂಶ ಬದಲಾಗುವುದಿಲ್ಲ. ಆದರೆ ಫಲಿತಾಂಶ ಬಂದ ಮೇಲೆ ಮತಗಟ್ಟೆವಾರು ಲೆಕ್ಕ ಪ್ರಕಟವಾಗುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು, ಹಿಂದಿನ ಸಲಕ್ಕಿಂತ ಏರಿತೋ ಇಳಿಯಿತೋ ಎಂದು ಪಕ್ಷಗಳು ಸಾಲು ಸಾಲಾಗಿ ಓದುವುದು ಈ ಕಾಗದವನ್ನು. ಮುಂದಿನ ಟಿಕೆಟ್ಟಿನ ಮಾತು ಬಂದಾಗ ಮೇಜಿನ ಮೇಲೆ ಇರುವುದೂ ಇದೇ. ನಿಮ್ಮ ರಸ್ತೆಯವರು ಮತ ಹಾಕದಿದ್ದರೆ ಆ ಸಾಲಿನಲ್ಲಿ ನಿಮ್ಮ ಮಾತೇ ಇರುವುದಿಲ್ಲ.

ಎರಡು: “ಹೋಗ್ತೀವಿ, ಆದರೆ ನೋಟಾ ಒತ್ತಿ ಬರ್ತೀವಿ.”

ಮನೆಯಲ್ಲಿ ಕೂರುವುದಕ್ಕಿಂತ ಇದು ಮೇಲು ಎಂಬುದನ್ನು ಒಪ್ಪುತ್ತೇನೆ. ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರ ತೀರ್ಪಿನಲ್ಲಿ ಈ ಹಕ್ಕನ್ನು ಕೊಟ್ಟದ್ದು ಸರಿಯಾಗಿಯೇ ಇದೆ: ಯಾರನ್ನೂ ಒಪ್ಪದವರು ಗುಟ್ಟು ಬಿಡದೆ ಹಾಗೆಂದು ಹೇಳಲು ಒಂದು ಗುಂಡಿ ಬೇಕು. ಆದರೆ ಆ ಗುಂಡಿಗೆ ಇಲ್ಲದ ಶಕ್ತಿಯನ್ನು ಇದೆ ಎಂದುಕೊಳ್ಳಬಾರದು. ಲೋಕಸಭೆ, ವಿಧಾನಸಭೆಗಳ ಚುನಾವಣೆಯಲ್ಲಿ ನೋಟಾ ಎಲ್ಲರಿಗಿಂತ ಹೆಚ್ಚು ಮತ ಪಡೆದರೂ ನಂತರದ ಸ್ಥಾನದಲ್ಲಿರುವ ಅಭ್ಯರ್ಥಿಯೇ ಗೆದ್ದಂತೆ.

2024ರಲ್ಲಿ ಇಂದೋರ್‌ನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಅಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂದಕ್ಕೆ ಪಡೆದು ಬಿಜೆಪಿಯ ಕಡೆ ನಡೆದರು. ಆಯ್ಕೆಯನ್ನೇ ಕಸಿದುಕೊಂಡರೆಂದು ಸಿಟ್ಟಾದ ಪಕ್ಷ ನೋಟಾ ಒತ್ತಿರೆಂದು ಊರೆಲ್ಲ ಪ್ರಚಾರ ಮಾಡಿತು. 2,18,674 ಜನ ಒತ್ತಿದರು. ದೇಶದಲ್ಲಿ ಯಾವ ಕ್ಷೇತ್ರದಲ್ಲೂ ನೋಟಾಕ್ಕೆ ಅದುವರೆಗೆ ಅಷ್ಟು ಮತ ಬಿದ್ದಿರಲಿಲ್ಲ. ಗೆದ್ದವರು 12 ಲಕ್ಷಕ್ಕೂ ಹೆಚ್ಚು ಮತ ಪಡೆದು ಲೋಕಸಭೆಗೆ ಹೋದರು. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾತು ಪತ್ರಿಕೆಗಳಲ್ಲಿ ಬಂತು, ಸದನಕ್ಕೆ ಹೋಗಲಿಲ್ಲ.

ಇಂದೋರಿನವರಿಗೆ ಒಂದು ಸಮರ್ಥನೆಯಾದರೂ ಇತ್ತು: ಮುಖ್ಯ ಎದುರಾಳಿಯೇ ಕಣದಲ್ಲಿರಲಿಲ್ಲ. ನಮ್ಮಲ್ಲಿ ಹಾಗಾಗಿಲ್ಲ. ಬಸವನಗುಡಿಯವರ ಮುಂದೆಯೂ ಮಲ್ಲೇಶ್ವರದವರ ಮುಂದೆಯೂ ಗಂಭೀರ ಅಭ್ಯರ್ಥಿಗಳು ಇದ್ದರು. ಉಳಿದವರೆಲ್ಲ ನಿಜಕ್ಕೂ ಅಯೋಗ್ಯರು ಎಂದು ವಿಚಾರಿಸಿ ತೀರ್ಮಾನಿಸಿದವರು ನೋಟಾ ಒತ್ತಲಿ. ಮೆಚ್ಚಿದವರು ಇಲ್ಲ ಎಂಬ ಬೇಸರ ಒಂದೇ ಅದಕ್ಕೆ ಕಾರಣವಾಗಬಾರದು.

ಮೂರು: “ಬೇರೆಯವರಿಗೆ ಹಾಕಿದರೆ ನಮ್ಮವರಿಗೆ ದ್ರೋಹ ಮಾಡಿದ ಹಾಗಲ್ಲವೇ?”

ಮನಸ್ಸಿಗೆ ಹತ್ತಿರದ ಆಕ್ಷೇಪ ಇದು. ಇದಕ್ಕೆ ಉತ್ತರ ನಮ್ಮ ಊರಿನ ಇನ್ನೊಂದು ಚುನಾವಣೆಯಲ್ಲೇ ಇದೆ. ಬೆಂಗಳೂರು ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಮತ ಹಾಕಿದವರು ನೆನಪಿಸಿಕೊಳ್ಳಲಿ. ಅಲ್ಲಿ ಮತಯಂತ್ರವಿಲ್ಲ. ಕಾಗದದ ಮತಪತ್ರ ಕೊಡುತ್ತಾರೆ, ಜೊತೆಗೆ ನೇರಳೆ ಬಣ್ಣದ ಸ್ಕೆಚ್ ಪೆನ್. ನಮ್ಮದೇ ಪೆನ್ ಬಳಸುವಂತಿಲ್ಲ, ಟಿಕ್ ಹಾಕುವಂತಿಲ್ಲ, ಸಹಿ ಮಾಡುವಂತಿಲ್ಲ. ಹೆಸರಿನ ಮುಂದಿನ ಚೌಕದಲ್ಲಿ ಅಂಕಿ ಮಾತ್ರ ಬರೆಯಬೇಕು. ಬಹಳ ಮೆಚ್ಚಿದವರಿಗೆ 1, ಅವರಿಲ್ಲದಿದ್ದರೆ ಯಾರು ಎಂಬುದಕ್ಕೆ 2, ಆಮೇಲೆ 3. ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಕಟ್ಟಿನಲ್ಲಿರುವ ಮತಪತ್ರಗಳನ್ನು ಎರಡನೆಯ ಪ್ರಾಶಸ್ತ್ಯದವರಿಗೆ ಹಂಚುತ್ತಾರೆ. ಬರೆದ 2 ಎಣಿಕೆಗೆ ಬರುವುದೇ 1 ಹೊರಬಿದ್ದ ಮೇಲೆ. ಹಾಗಾಗಿ ಎರಡನೆಯ ಆಯ್ಕೆಯಿಂದ ಮೊದಲನೆಯವರಿಗೆ ಕೂದಲೆಳೆಯಷ್ಟೂ ನಷ್ಟವಿಲ್ಲ. ಎರಡನೆಯ ಅಂಕಿ ಬರೆಯದವರ ಕಾಗದವನ್ನು ಪಕ್ಕಕ್ಕಿಡುತ್ತಾರೆ. ಅಲ್ಲಿಂದ ಮುಂದಿನ ತೀರ್ಮಾನದಲ್ಲಿ ಅವರಿಗೆ ಪಾತ್ರವಿಲ್ಲ.

ಈ ಎರಡನೆಯ ಅಂಕಿ ದೇಶದ ಚರಿತ್ರೆಯನ್ನೇ ತಿರುಗಿಸಿದ ಕಥೆ ಶುರುವಾದದ್ದೂ ನಮ್ಮೂರಿನಲ್ಲಿ. 1969ರ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್‌ನ ಎಐಸಿಸಿ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿಯವರೆಂದು ತೀರ್ಮಾನವಾದದ್ದು ಆ ದಿನಗಳಲ್ಲಿ, ಇದೇ ಊರಿನಲ್ಲಿ. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ವಿ.ವಿ. ಗಿರಿ ಸ್ವತಂತ್ರವಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲದಿಂದ ಸಿ.ಡಿ. ದೇಶಮುಖ್ ನಿಂತರು. ಮೊದಲ ಎಣಿಕೆಯಲ್ಲಿ ಗಿರಿಯವರ ಮತಮೌಲ್ಯ 4,01,515, ರೆಡ್ಡಿಯವರದು 3,13,548, ದೇಶಮುಖರದು 1,12,769. ಯಾರೂ ಅರ್ಧ ದಾಟಲಿಲ್ಲ. ಉಳಿದವರೆಲ್ಲ ಹೊರಬಿದ್ದು ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಿದಾಗ ಗಿರಿ 4,20,077, ರೆಡ್ಡಿ 4,05,427. ಸುಮಾರು 88 ಸಾವಿರವಿದ್ದ ಅಂತರ 14,650ಕ್ಕೆ ಇಳಿದಿತ್ತು. ದೇಶಮುಖರಿಗೆ ಮತ ಹಾಕಿದ ಶಾಸಕರು, ಸಂಸದರು ಅವರಿಗೆ ದ್ರೋಹ ಮಾಡಲಿಲ್ಲ. ತಮ್ಮವರು ಗೆಲ್ಲದಿದ್ದರೆ ಉಳಿದ ಇಬ್ಬರಲ್ಲಿ ಯಾರು ಎಂಬ ಪ್ರಶ್ನೆಗೂ ಉತ್ತರ ಬರೆದು ಬಂದಿದ್ದರು, ಅಷ್ಟೇ. ಆ ಎರಡನೆಯ ಉತ್ತರಕ್ಕೆ ಎಷ್ಟು ಬೆಲೆ ಇತ್ತೆಂದರೆ, ಅದನ್ನು ಕೇಳಿ ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡದ್ದೇ ದೊಡ್ಡ ಜಗಳವಾಯಿತು. ಕೆಲವೇ ತಿಂಗಳಲ್ಲಿ ಕಾಂಗ್ರೆಸ್ ಎರಡಾಯಿತು.

ಇನ್ನು ಆ ‘ನಮ್ಮವರು’ ಏನು ಬಯಸಿದರು ಎಂಬುದನ್ನೂ ನೋಡಬೇಕು. 2019ರಲ್ಲಿ ಟಿಕೆಟ್ ತಪ್ಪಿದಾಗ ತೇಜಸ್ವಿನಿಯವರು ಪಕ್ಷದ ತೀರ್ಮಾನವನ್ನು ಒಪ್ಪಿ, ಸಿಟ್ಟಾಗಿದ್ದ ಬೆಂಬಲಿಗರಿಗೆ ಶಾಂತರಾಗಿರಲು ಕೇಳಿಕೊಂಡರು. ಅವರ ಮಾತಿನಂತೆ ಅದೇ ಪಕ್ಷಕ್ಕೆ ಮತ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಮತ ಹಾಕುವವರು ನೀವು. ಆದರೆ ಅವರು ಬಯಸದ ಮುನಿಸನ್ನು ಅವರ ಹೆಸರಿನಲ್ಲಿ ಹಿಡಿದು ಕೂರುವುದನ್ನು ನಿಷ್ಠೆ ಎನ್ನಲಾಗದು.

ನಾಲ್ಕು: “ಪಕ್ಷಕ್ಕೆ ಬುದ್ಧಿ ಕಲಿಸಬೇಕು. ಬೇಕೆಂದೇ ಎದುರಾಳಿಗೆ ಒತ್ತುತ್ತೇವೆ.”

ಎದುರಾಳಿಯೇ ಮೇಲು ಎಂದು ಕಂಡರೆ ಧಾರಾಳವಾಗಿ ಅವರಿಗೆ ಹಾಕಿ. ಅದು ವಿವೇಕದ ಮತ. ಅವರು ಯಾರು, ಏನು ಮಾಡಿದ್ದಾರೆ ಎಂದು ನೋಡದೆ, ನಮ್ಮ ಪಕ್ಷ ನೋಯಲಿ ಎಂಬ ಒಂದೇ ಕಾರಣಕ್ಕೆ ಹಾಕಿದರೆ ಶಿಕ್ಷೆ ತಲುಪುವುದು ಪಕ್ಷಕ್ಕಲ್ಲ. ಆರಿಸಿ ಬಂದವರು ಐದು ವರ್ಷ ಪ್ರತಿನಿಧಿಸುವುದು ನಮ್ಮನ್ನು.

ಸಿಟ್ಟಿನ ರಾಜಕೀಯ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2023 ತೋರಿಸಿತು. ಟಿಕೆಟ್ ಸಿಗದ ಜಗದೀಶ ಶೆಟ್ಟರ್ ಬಿಜೆಪಿ ಬಿಟ್ಟು ಕಾಂಗ್ರೆಸ್‌ನಿಂದ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ ನಿಂತರು. ಅವರನ್ನೇ ಮತ್ತೆ ಮತ್ತೆ ಗೆಲ್ಲಿಸಿದ್ದ ಕ್ಷೇತ್ರ ಮಹೇಶ ಟೆಂಗಿನಕಾಯಿಯವರನ್ನು ಆರಿಸಿತು. ಅದೇ ಚುನಾವಣೆಯಲ್ಲಿ ಅಥಣಿಯ ಟಿಕೆಟ್ ತಪ್ಪಿದ ಲಕ್ಷ್ಮಣ ಸವದಿಯವರೂ ಕಾಂಗ್ರೆಸ್‌ಗೆ ಹೋದರು. ಅಥಣಿ ಅವರನ್ನು ದೊಡ್ಡ ಅಂತರದಿಂದ ಗೆಲ್ಲಿಸಿತು. ಎರಡೂ ಊರಿನ ಮತದಾರರು ತಮ್ಮ ತಮ್ಮ ಕಣವನ್ನು ತಾವೇ ನೋಡಿ ತೀರ್ಮಾನಿಸಿದರು. 2024ರ ಜನವರಿಯಲ್ಲಿ ಶೆಟ್ಟರ್ ಬಿಜೆಪಿಗೆ ಮರಳಿದರು. ನಾಯಕರ ಮುನಿಸು ಒಂಬತ್ತು ತಿಂಗಳಲ್ಲಿ ತೀರಬಹುದು. ಆ ಮುನಿಸನ್ನು ತಮ್ಮದಾಗಿ ಮಾಡಿಕೊಂಡು, ಬೇರೇನನ್ನೂ ನೋಡದೆ ಮತ ಹಾಕಿದವರು ಅದನ್ನು ಹಿಂದಕ್ಕೆ ಪಡೆಯುವುದು ಹೇಗೆ?

ಐದು: “ವ್ಯಕ್ತಿ ಯಾರಾದರೇನು? ನಾವು ಚಿಹ್ನೆಗೆ ಹಾಕೋರು.”

ಇದು ಮೇಲಿನವರಿಗೆ ತದ್ವಿರುದ್ಧವಾದ ಮಾತು. ಮೆಚ್ಚಿದವರು ಹೋದರೂ ಇವರಿಗೆ ಮತ್ತೆ ಯೋಚಿಸುವ ಅಗತ್ಯ ಕಾಣುವುದಿಲ್ಲ. ಇವರ ವಾದದಲ್ಲಿ ಹುರುಳಿಲ್ಲವೆಂದಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಹೊರಡಿಸಿದಾಗ ಸಂಸದರು ಪಕ್ಷ ಹೇಳಿದಂತೆ ಮತ ಹಾಕಲೇಬೇಕು. ಸರ್ಕಾರ ಯಾರದೆಂದು ತೀರ್ಮಾನಿಸುವುದು ಪಕ್ಷಗಳ ಸಂಖ್ಯೆಯೇ. ಪಕ್ಷದ ಸಿದ್ಧಾಂತ ನೋಡಿ ಮತ ಹಾಕುವುದು ತಪ್ಪಲ್ಲ.

ಆದರೆ ಸಂಸದರ ಕೆಲಸ ವಿಪ್‌ನೊಂದಿಗೆ ಮುಗಿಯುವುದಿಲ್ಲ. ಸದನದಲ್ಲಿ ಕೇಳುವ ಪ್ರಶ್ನೆ, ಸ್ಥಾಯಿ ಸಮಿತಿಯ ಕೆಲಸ, ಕ್ಷೇತ್ರಕ್ಕೆ ವರ್ಷಕ್ಕೆ ಬರುವ 5 ಕೋಟಿ ರೂಪಾಯಿಯ ನಿಧಿ ಎಲ್ಲಿ ಹೋಗಬೇಕೆಂಬ ಶಿಫಾರಸು, ಇವೆಲ್ಲ ವ್ಯಕ್ತಿಯ ಮೇಲೆ ನಿಂತಿವೆ. ಬಸವನಗುಡಿಯವರಿಗೆ ಇದು ಬರಿಯ ಪುಸ್ತಕದ ಮಾತಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಹೋಗಿ ನಿಂತದ್ದು ಜನಪ್ರತಿನಿಧಿಗಳ ಮುಂದೆ. ರಿಸರ್ವ್ ಬ್ಯಾಂಕು, ಹಣಕಾಸು ಸಚಿವಾಲಯ, ಠೇವಣಿ ವಿಮೆ ಮೂರೂ ಕೇಂದ್ರದ ವಿಷಯ. ಒತ್ತಾಯ ತರಬೇಕಾದವರು ಸಂಸದರು. ಅಂಥ ದಿನ ಮನೆಯವರು ಹುಡುಕುವುದು ಫೋನ್ ಎತ್ತುವ, ಕಾನೂನು ಬಲ್ಲ, ಪಟ್ಟು ಬಿಡದ ಒಬ್ಬ ವ್ಯಕ್ತಿಯನ್ನು.

ಚಿಹ್ನೆಯನ್ನಷ್ಟೇ ನಂಬಿದರೆ ಏನಾಗಬಹುದೆಂಬುದಕ್ಕೆ ರಾಮನಗರ ಇದೆ. 2018ರ ನವೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯ ಎಲ್. ಚಂದ್ರಶೇಖರ್ ಮತದಾನಕ್ಕೆ ಎರಡು ದಿನ ಮುಂಚೆ ಕಣ ಬಿಟ್ಟು ಕಾಂಗ್ರೆಸ್‌ಗೆ ಮರಳಿದರು. ನಾಮಪತ್ರ ವಾಪಸಾತಿಯ ಗಡುವು ಮುಗಿದಿದ್ದರಿಂದ ಅವರ ಹೆಸರೂ ಚಿಹ್ನೆಯೂ ಮತಯಂತ್ರದಲ್ಲಿ ಹಾಗೇ ಉಳಿದವು. ಹದಿನೈದು ಸಾವಿರಕ್ಕೂ ಹೆಚ್ಚು ಮತ ಅಲ್ಲಿ ಬಿತ್ತು. ಆ ಚಿಹ್ನೆಯ ಹಿಂದೆ ನಿಲ್ಲುವವರೇ ಇರಲಿಲ್ಲ. ಚುನಾವಣಾ ಆಯೋಗ 2015ರಿಂದ ಚಿಹ್ನೆಯ ಜೊತೆಗೆ ಅಭ್ಯರ್ಥಿಯ ಫೋಟೋ ಅಂಟಿಸುತ್ತ ಬಂದಿದೆ. ಆ ಮುಖವನ್ನೂ ಒಮ್ಮೆ ನೋಡೋಣ.

ಆರು: “ಉಳಿದೋರೆಲ್ಲ ಒಂದೇ. ಏನು ನೋಡಿ ಆರಿಸೋದು?”

ಮೆಚ್ಚಿದವರು ಹೋದ ನೋವಿನಲ್ಲಿ ಉಳಿದವರೆಲ್ಲ ಒಂದೇ ಥರ ಕಾಣುವುದು ಸಹಜ. ಹತ್ತಿರ ಹೋಗಿ ನೋಡಿದರೆ ಹಾಗಿರುವುದಿಲ್ಲ. ಮೊದಲ ಕೆಲಸ, ಹೋದವರಲ್ಲಿ ಏನನ್ನು ಮೆಚ್ಚಿದ್ದೆವು ಎಂದು ಒಂದು ಹಾಳೆಯಲ್ಲಿ ಬರೆಯುವುದು. ಶುದ್ಧಹಸ್ತವೇ? ಕೈಗೆ ಸಿಗುವ ಗುಣವೇ? ಪರಿಸರದ ಕೆಲಸವೇ? ಪಕ್ಷದ ನಿಲುವೇ? ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಉಳಿದವರನ್ನು ನೋಡಿದರೆ ವ್ಯತ್ಯಾಸ ಕಾಣತೊಡಗುತ್ತದೆ.

ನೋಡಲು ಬೇಕಾದ ಕಾಗದ ಸರ್ಕಾರವೇ ಕೊಡುತ್ತದೆ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸಬೇಕು. ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳು, ಯಾವ ಕಲಮು, ಯಾವ ನ್ಯಾಯಾಲಯ. ತಮ್ಮದೂ ಸಂಗಾತಿಯದೂ ಐದು ವರ್ಷದ ಆದಾಯ. ಒಡವೆ, ವಾಹನ, ಷೇರು, ನಿವೇಶನ. ಬ್ಯಾಂಕಿಗೂ ಸರ್ಕಾರಕ್ಕೂ ಇರುವ ಬಾಕಿ. ಓದು, ಉದ್ಯೋಗ, ಎಲ್ಲವೂ ಅದರಲ್ಲಿ ಇರುತ್ತವೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಅವರನ್ನೇ ಏಕೆ ಆರಿಸಿದೆವು ಎಂಬ ಕಾರಣವನ್ನು ಪಕ್ಷ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಆದೇಶಿಸಿದೆ. ಹಾಲಿ ಸಂಸದರೇ ಆಗಿದ್ದರೆ ಅವರ ಹಾಜರಿ, ಕೇಳಿದ ಪ್ರಶ್ನೆಗಳು ಲೋಕಸಭೆಯ ದಾಖಲೆಯಲ್ಲಿವೆ. ಒಂದು ಸಂಜೆ ಬಿಡುವು ಮಾಡಿಕೊಂಡರೆ ಇಬ್ಬರು ಮೂವರ ಕಾಗದ ಓದಿ ಮುಗಿಯುತ್ತದೆ.

ಆಮೇಲೆ ಕೇಳಬೇಕು. ಮತ ಕೇಳಲು ಬಾಗಿಲಿಗೆ ಬಂದಾಗ ಹಾರ, ನಮಸ್ಕಾರದ ಜೊತೆಗೆ ಎರಡು ಪ್ರಶ್ನೆ ಸಿದ್ಧವಾಗಿರಲಿ. ಉಪನಗರ ರೈಲು ಯಾಕೆ ತಡವಾಗುತ್ತಿದೆ, ನೀವೇನು ಮಾಡುತ್ತೀರಿ? ಸಹಕಾರ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ 5 ಲಕ್ಷದ ಆಚೆಗೆ ಏನು ದಾರಿ? ಒಬ್ಬರು ವಿಷಯಕ್ಕೆ ಉತ್ತರ ಕೊಡುತ್ತಾರೆ, ಇನ್ನೊಬ್ಬರು ಘೋಷಣೆ ಕೂಗಿಸಿ ಮುಂದಿನ ಮನೆಗೆ ನಡೆಯುತ್ತಾರೆ. ವ್ಯತ್ಯಾಸ ತಿಳಿಯಲು ಅಷ್ಟು ಸಾಕು.

ಸಮಯ ಸಾಲದು ಎನ್ನುವವರಿಗೆ ಒಂದು ಮಾತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಕಾನೂನೇ ಮತದಾನವನ್ನು ಮುಂದೂಡುತ್ತದೆ. 2018ರ ಮೇ 4ರಂದು ಜಯನಗರದ ಬಿ.ಎನ್. ವಿಜಯಕುಮಾರ್ ಪ್ರಚಾರದ ನಡುವೆ ನಿಧನರಾದಾಗ ಅಲ್ಲಿನ ಮತದಾನ ಮೇ 12ರಿಂದ ಜೂನ್ 11ಕ್ಕೆ ಹೋಯಿತು. ನಡುವೆ ಜೆಡಿಎಸ್ ಅಭ್ಯರ್ಥಿಯೂ ಹಿಂದೆ ಸರಿದು ಕಾಂಗ್ರೆಸ್‌ಗೆ ಬೆಂಬಲ ಕೊಟ್ಟರು. ಹೀಗೆ ಎರಡು ಪಕ್ಷದವರಿಗೆ ತಮ್ಮವರು ಇಲ್ಲವಾಗಿ, 2,889 ಮತಗಳ ಅಂತರದಲ್ಲಿ ಸೌಮ್ಯಾ ರೆಡ್ಡಿ ಗೆದ್ದರು. ಟಿಕೆಟ್ ತಪ್ಪಿದಾಗ ಕಾನೂನು ಯಾರಿಗೂ ಕಾಯುವುದಿಲ್ಲ. ಆದರೂ 2019ರಲ್ಲಿ ಮಾರ್ಚ್ 26ರಿಂದ ಏಪ್ರಿಲ್ 18ರವರೆಗೆ ಮೂರು ವಾರಕ್ಕೂ ಹೆಚ್ಚು ಸಮಯವಿತ್ತು. ಮುನಿಸಿನಲ್ಲಿ ಕಳೆಯದಿದ್ದರೆ ಅದು ಧಾರಾಳ.

ಏಳು: “ಟಿಕೆಟ್ ಕೊಡುವಾಗ ನಮ್ಮನ್ನು ಕೇಳಿದರೇ? ಅವರು ಇಟ್ಟದ್ದರಲ್ಲಿ ನಾವು ಆರಿಸಬೇಕೇ?”

ಎಲ್ಲದರಲ್ಲಿ ಗಟ್ಟಿಯಾದ ಆಕ್ಷೇಪ ಇದು. ಅರ್ಧ ನಾನೂ ಒಪ್ಪುತ್ತೇನೆ. ಲಕ್ಷಾಂತರ ಮತದಾರರ ಕ್ಷೇತ್ರಕ್ಕೆ ಅಭ್ಯರ್ಥಿ ಯಾರೆಂದು ದೆಹಲಿಯ ಒಂದು ಕೋಣೆಯಲ್ಲಿ, ಗಡುವಿನ ಹಿಂದಿನ ರಾತ್ರಿ ತೀರ್ಮಾನವಾಗುವುದು ಸರಿಯಲ್ಲ. ಯಾವ ಪಕ್ಷ ಮಾಡಿದರೂ ಸರಿಯಲ್ಲ. ಇದಕ್ಕೆ ಮದ್ದು ಪಕ್ಷದೊಳಗಿನ ಚುನಾವಣೆ, ಅಂದರೆ ಪ್ರೈಮರಿ. ನಮ್ಮಲ್ಲಿ ಅದರ ಪ್ರಯೋಗವೂ ಆಗಿದೆ. 2014ರಲ್ಲಿ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪದಾಧಿಕಾರಿಗಳು, ಕಾರ್ಯಕರ್ತರಿಂದ ಮತ ಹಾಕಿಸಿ ಅಭ್ಯರ್ಥಿಯನ್ನು ಆರಿಸಿತು. ಕರ್ನಾಟಕದಲ್ಲಿ ಹಾಗೆ ಆರಿಸಿದ್ದು ದಕ್ಷಿಣ ಕನ್ನಡ ಮತ್ತು ಮಲ್ಲೇಶ್ವರವನ್ನು ಒಳಗೊಂಡ ಬೆಂಗಳೂರು ಉತ್ತರದಲ್ಲಿ. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದು ಅಭ್ಯರ್ಥಿಗಳಾದರು. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು, ಪ್ರಯೋಗ ಅಲ್ಲಿಗೇ ನಿಂತಿತು. ಸೋಲಿಗೆ ಆ ಪದ್ಧತಿಯೇ ಕಾರಣವೆಂದು ತಿಳಿಯಬಾರದು. ಮೇಲಿನವರೇ ನೇರವಾಗಿ ಆರಿಸಿದ ಎಷ್ಟೋ ಅಭ್ಯರ್ಥಿಗಳೂ ಅದೇ ಸಲ ಸೋತರು. ಎಲ್ಲ ಪಕ್ಷಗಳೂ ಅದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.

ಆದರೆ ಪ್ರೈಮರಿ ಬಂದ ಮಾತ್ರಕ್ಕೆ ಈ ಕಷ್ಟ ತಪ್ಪುತ್ತದೆಯೇ? ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಸಾಮಾನ್ಯ ಮತದಾರರೇ ಆರಿಸುತ್ತಾರೆ. 2020ರ ಅಧ್ಯಕ್ಷೀಯ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ನಿಂತಿದ್ದ ಪೀಟ್ ಬುಟಿಜೆಜ್ ಮಾರ್ಚ್ 1ರಂದು, ಏಮಿ ಕ್ಲೋಬುಚರ್ ಮಾರ್ಚ್ 2ರಂದು ಕಣ ಬಿಟ್ಟರು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ ಮತದಾನ. ಮುಂಚಿತವಾಗಿ ಅಂಚೆಯಲ್ಲಿ ಅವರಿಗೇ ಮತ ಕಳಿಸಿದ್ದವರಿಗೆ ಎರಡನೆಯ ಅವಕಾಶ ಸಿಗಲಿಲ್ಲ. ಮಾರ್ಚ್ 5ರಂದು ಎಲಿಜಬೆತ್ ವಾರೆನ್ ಕೂಡ ಸರಿದರು. ಅವರನ್ನೆಲ್ಲ ಮನಸಾರೆ ಬೆಂಬಲಿಸಿದ್ದವರು ಬೈಡನ್ ಮತ್ತು ಸ್ಯಾಂಡರ್ಸ್ ನಡುವೆ ಆರಿಸಬೇಕಾಯಿತು. ಅದೇ ಸಲ ಅಲಾಸ್ಕಾ, ಕಾನ್ಸಾಸ್, ವಯೋಮಿಂಗ್, ಹವಾಯಿ ರಾಜ್ಯಗಳಲ್ಲಿ ಆ ಪಕ್ಷ ನಮ್ಮ ಪದವೀಧರ ಕ್ಷೇತ್ರದ ಹಾಗೆ 1, 2, 3 ಬರೆಯುವ ಪದ್ಧತಿಯನ್ನು ತಂದಿತ್ತು. ಅಲ್ಲಿನವರ ಎರಡನೆಯ ಆಯ್ಕೆ ಲೆಕ್ಕಕ್ಕೆ ಬಂತು. ಅಂದರೆ ಆಯ್ಕೆಯ ಹಕ್ಕು ಪೂರ್ತಿ ಜನರ ಕೈಗೆ ಬಂದರೂ ಮೆಚ್ಚಿದವರು ಹೊರಬೀಳುವುದು ತಪ್ಪುವುದಿಲ್ಲ. ಹತ್ತು ಜನ ನಿಂತರೆ ಒಂಬತ್ತು ಜನರ ಬೆಂಬಲಿಗರು ಈ ಪ್ರಶ್ನೆಯನ್ನು ಎದುರಿಸಲೇಬೇಕು.

ಹೀಗಾಗಿ ‘ನಮ್ಮನ್ನು ಕೇಳಲಿಲ್ಲ’ ಎಂಬ ದೂರು ಪಕ್ಷವನ್ನು ತಿದ್ದಲು ಕಾರಣವಾಗಲಿ. ಸದಸ್ಯತ್ವ ಪಡೆಯಿರಿ, ವಾರ್ಡ್ ಸಭೆಯಲ್ಲಿ ಹೆಸರು ಸೂಚಿಸಿ, ಅಭ್ಯರ್ಥಿ ಯಾರಾಗಬೇಕೆಂದು ಬರೆದು ಕಳಿಸಿ, ಪಟ್ಟಿ ಬಂದ ಮೇಲೆ ಒಪ್ಪಿಗೆಯಾಗದಿದ್ದರೆ ಅದನ್ನೂ ಹೆಸರು ಹಾಕಿ ಬರೆಯಿರಿ. ಅದೇ ದೂರು ಮತಗಟ್ಟೆಯ ದಿನದ ನೆಪವಾದರೆ, ಒಂದು ಕಡೆ ಕಸಿದುಕೊಂಡ ಹಕ್ಕಿಗಾಗಿ ಇನ್ನೊಂದು ಕಡೆ ಉಳಿದಿರುವ ಹಕ್ಕನ್ನೂ ನಾವೇ ಬಿಟ್ಟುಕೊಟ್ಟಂತಾಗುತ್ತದೆ.

ಇದು ಕಳೆದುಹೋದ ಚುನಾವಣೆಗಳ ಚರ್ಚೆಯಷ್ಟೇ ಅಲ್ಲ. ಈ ನಗರದ ಹಳೆಯ ಪಾಲಿಕೆಗೆ ಕೊನೆಯ ಬಾರಿ ಮತದಾನ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು. ಹಳೆಯ ವಾರ್ಡುಗಳ ಗಡಿ ಅಳಿಸಿಹೋಗಿದೆ. ಮೀಸಲಾತಿ ಪಟ್ಟಿಯ ಪ್ರಕಾರ ಅರ್ಧ ವಾರ್ಡುಗಳು ಮಹಿಳೆಯರಿಗೆ ಹೋಗುತ್ತವೆ, ಉಳಿದವೂ ಸರದಿಯಂತೆ ಬದಲಾಗುತ್ತವೆ. ಚರಂಡಿ ಕಟ್ಟಿಕೊಂಡಾಗ ನಾವು ಫೋನ್ ಮಾಡುತ್ತಿದ್ದ ಕಾರ್ಪೊರೇಟರ್ ಅನೇಕ ಬೀದಿಗಳಿಗೆ ಸಿಗುವುದಿಲ್ಲ. ಆಗ ಅವರ ಮನೆಯವರೇ ನಿಂತರೆಂದು ಕಣ್ಣು ಮುಚ್ಚಿ ಒತ್ತುವುದೂ ಬೇಡ, ಅವರಿಲ್ಲವೆಂದು ಮನೆಯಲ್ಲಿ ಕೂರುವುದೂ ಬೇಡ. ನಿಂತಿರುವ ಹೆಂಗಸಿಗೆ ವಾರ್ಡಿನ ಬಗ್ಗೆ ಏನು ಗೊತ್ತು, ಏನು ಮಾಡುತ್ತಾರೆ ಎಂದು ಅವರನ್ನೇ ಕೇಳಿ.

ನನ್ನ ವಾದವನ್ನು ಒಪ್ಪದ ಸ್ನೇಹಿತರಲ್ಲಿ ಬೇಡಿಕೆ ಇಷ್ಟು. ಮುಂದಿನ ಚುನಾವಣೆ ಘೋಷಣೆಯಾದ ದಿನವೇ, ಪಟ್ಟಿ ಬರುವ ಮೊದಲೇ, ನೀವು ಬಯಸುವವರ ಹೆಸರಿನ ಕೆಳಗೆ ಇನ್ನೊಂದು ಹೆಸರನ್ನು ಯೋಚಿಸಿಡಿ. ಮೊದಲನೆಯವರಿಗೆ ಟಿಕೆಟ್ ಸಿಗಲೆಂದು ದುಡಿಯಿರಿ. ಸಿಗದಿದ್ದರೆ ದುಃಖಪಡಲು ಒಂದು ದಿನ ತೆಗೆದುಕೊಳ್ಳಿ, ಎರಡನೆಯ ದಿನ ಪ್ರಮಾಣಪತ್ರಗಳನ್ನು ತೆರೆದು ಓದಿ, ಬಂದವರನ್ನು ಪ್ರಶ್ನೆ ಕೇಳಿ, ಮತದಾನದ ದಿನ ಹೋಗಿ ಒಬ್ಬರಿಗೆ ಹಾಕಿ ಬನ್ನಿ. ಅವರು ನಿಮ್ಮ ಎರಡನೆಯ ಆಯ್ಕೆ ಎಂದು ಅವರಿಗೂ ತಿಳಿದಿರಲಿ. ಮನಸಾರೆ ಅಲ್ಲ, ವಿಚಾರ ಮಾಡಿ ಮತ ಹಾಕಿದವರಿಗೆ ಲೆಕ್ಕ ಕೇಳುವ ಹಕ್ಕು ಇನ್ನೂ ಹೆಚ್ಚು. ಐದು ವರ್ಷವೂ ಆ ಲೆಕ್ಕ ಕೇಳುತ್ತಲೇ ಇರಿ.